ಇದೇ ತರದ್ದು ಇನ್ನೊಂದು

ಅತ್ತೆಗೆ ಕೊರಿಯಾದ ಧಾರಾವಾಹಿಗಳ ಹುಚ್ಚು ಹಿಡಿಸಿದವಳು ನಾನು ಎಂಬುದು ನಮ್ಮ ಮನೆಗೆ ಬಂದುಹೋಗುವವರೆಲ್ಲ ಒಪ್ಪಿಕೊಂಡಿರುವ ಇತಿಹಾಸ. ಕಾಫಿ ಲೋಟ ಕೆಳಗಿಡುವ ಮೊದಲೇ ಯಾರಾದರೊಬ್ಬರು ಅದನ್ನು ಹೇಳಿ ನಗುತ್ತಾರೆ. ಈ ವಯಸ್ಸಿನಲ್ಲಿ ರೇಷ್ಮೆ ನಿಲುವಂಗಿಯ ಚೆಲುವ ರಾಜಕುಮಾರರನ್ನು ನೋಡಲು ಕೂರುತ್ತಾರಂತೆ ಎಂದು ಬಾಲ ಸೇರಿಸುತ್ತಾರೆ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಪಳಗಿದ ನನಗೆ ಈ ವಾದದ ಎರಡು ಕಾಲೂ ಕುಂಟಾಗಿ ಕಾಣುತ್ತವೆ. ಮೊದಲನೆಯದಾಗಿ, ನಾನು ಹಚ್ಚಿದ್ದು ಟಿವಿಯನ್ನು, ಹುಚ್ಚನ್ನಲ್ಲ. ಎರಡನೆಯದಾಗಿ, ಆ ರಾಜಕುಮಾರರು ಕುದುರೆ ಏರಿ ಬಂದಾಗಲೆಲ್ಲ ಅತ್ತೆ ಹುರುಳಿಕಾಯಿ ನಾರು ತೆಗೆಯುವುದರಲ್ಲಿ ಮುಳುಗಿರುತ್ತಿದ್ದರು. ತಲೆ ಎತ್ತುತ್ತಿದ್ದದ್ದು ಅಂತಃಪುರದ ಹೆಂಗಸರು ಎದುರುಬದುರು ಕೂತು ಮಾತಿಗೆ ತೊಡಗಿದಾಗ.

ಅತ್ತೆ ಎಂದರೆ ಅಪ್ಪನ ಅಕ್ಕ. ಗಂಡ ತೀರಿಕೊಂಡ ಮೇಲೆ ನಮ್ಮ ಮಹಡಿ ಮನೆಯಲ್ಲಿ ಇದ್ದಾರೆ. ಅವರ ತಾತ ಅರಮನೆಯ ಚಾಕರಿಯಲ್ಲಿದ್ದರಾದ್ದರಿಂದ, ಭೂಮಿಯ ಮೇಲಿನ ಯಾವ ದೊರೆಯ ಬಗೆಗೂ ತೀರ್ಪು ಕೊಡುವ ಹಕ್ಕು ತಮಗಿದೆ ಎಂದು ನಂಬಿದ್ದಾರೆ; ಮೈಸೂರಿನಲ್ಲಿ ಇಂಥ ಹಕ್ಕುದಾರರು ಬೀದಿಗೊಬ್ಬರು ಸಿಗುತ್ತಾರೆ, ಆ ಮಾತು ಬೇರೆ. ಕೊರಿಯಾದ ದೊರೆ ಆಸ್ಥಾನದಲ್ಲಿ ಮಂತ್ರಿಗಳ ಮೇಲೆ ಹರಿಹಾಯ್ದರೆ ಅತ್ತೆ, "ದೊರೆ ಆದೋನು ಹಿಂಗಾ ಕಿರ್ಚೋದು? ಕೂತ್ಕೊಳೋ ಸುಮ್ನೆ," ಎಂದು ಗದರುತ್ತಾರೆ.

ಗೆಳೆಯರೇ, ಮುಂದಕ್ಕೆ ಹೋಗುವ ಮುನ್ನ ಒಂದು ಸಂಗತಿ ನಿಮಗೆ ತಿಳಿದಿರಬೇಕು. ಇಲವಾಲದ ಛತ್ರವೊಂದರಲ್ಲಿ ನನ್ನ ಅಕ್ಕನ ಮದುವೆಯಾದ ದಿನ, ಧಾರೆಗೆ ಮುಂಚೆ, ಅಮ್ಮ ಅತ್ತೆಯ ಹತ್ತಿರ ಬಂದು, "ಅತ್ತಿಗೆ, ನೀವು ಸ್ವಲ್ಪ ಹೊತ್ತು ಒಳಗೆ ಕೂತಿರಿ," ಎಂದಿದ್ದಳು. ಗಂಡನಿಲ್ಲದವರು ಮಂಟಪದ ಎದುರು ಇರಬಾರದೆನ್ನುವುದು ಅಮ್ಮ ನಂಬಿದ ಮಾತಲ್ಲ. ಬೀಗರು ಏನನ್ನುತ್ತಾರೋ ಎಂದು ಹೆದರಿ ಆಡಿದ ಮಾತು. ಅಕ್ಕನನ್ನು ಎತ್ತಿ ಆಡಿಸಿದ ಅತ್ತೆ ಎದ್ದು ಒಳಗೆ ಹೋದರು. ಅಂದಿನಿಂದ ಅವರಿಬ್ಬರ ನಡುವೆ ಮಾತು ನಿಂತಿತು. ಜಗಳವಾಗಿದ್ದರೆ ನಾನು ವಾದಿಸಿ ಬಿಡಿಸುತ್ತಿದ್ದೆ, ಆದರೆ ಇಬ್ಬರ ನಡುವೆ ಉಳಿದದ್ದು ಬರೀ ಮರ್ಯಾದೆ. ಸಾರು ಮಹಡಿಗೆ ಹೋಗುತ್ತಿತ್ತು, ತೊಳೆದ ಪಾತ್ರೆ ಕೆಳಗಿಳಿಯುತ್ತಿತ್ತು, ಎರಡನ್ನೂ ಹೊರುವ ರಾಯಭಾರಿ ನಾನಾಗಿದ್ದೆ.

ಈ ಶೀತಲ ಸಾಮ್ರಾಜ್ಯದೊಳಕ್ಕೆ ಒಂದು ಮಧ್ಯಾಹ್ನ ಕೊರಿಯಾದ ರಾಣಿಯರು ಬಂದರು. ನಾನು ಟಿವಿ ನೋಡುತ್ತಿದ್ದೆ, ನಾನು ತರಲು ಮರೆತ ಪಾತ್ರೆ ಕೊಡಲು ತಾವೇ ಇಳಿದು ಬಂದ ಅತ್ತೆ ನಿಂತರು, ಕೂತರು, ಮರುದಿನವೂ ಬಂದರು. ಕೆಳಗೆ ಓಡುವ ಇಂಗ್ಲಿಷ್ ಅಕ್ಷರ ತಮ್ಮ ಕಣ್ಣಿಗೆ ನಿಲ್ಲುವುದಿಲ್ಲ, ಓದಿ ಹೇಳು ಎಂದರು. ನಾನು ಪ್ರತಿ ಪದಕ್ಕೂ ನಿಖರವಾದ ಕನ್ನಡ ಹುಡುಕುವಷ್ಟರಲ್ಲಿ ಅಲ್ಲೊಂದು ಯುದ್ಧವೇ ಮುಗಿದಿರುತ್ತಿತ್ತು.

"ನಿನ್ ಕನ್ನಡ ಅರ್ಥ ಆಗಕ್ಕೆ ಇನ್ನೊಬ್ಬರು ಕೂತ್ಕೊಂಡು ಕನ್ನಡದಲ್ಲಿ ಹೇಳ್ಬೇಕು ಕಣೇ," ಎಂದರು ಅತ್ತೆ.

ಆಗ ಅಡುಗೆಮನೆಯ ಬಾಗಿಲಿನಿಂದ, ಯಾರಿಗೂ ಅಲ್ಲವೆಂಬಂತೆ, ಅಮ್ಮನ ದನಿ ಬಂತು: "ವಿಷ ಹಾಕಿರೋದು ಗಂಜಿಗೆ ಅಂತಿದಾನೆ."

ಅತ್ತೆ ಟಿವಿಯನ್ನೇ ನೋಡುತ್ತ ಕೇಳಿದರು: "ಯಾರ ಗಂಜಿಗೆ?"

"ದೊಡ್ಡ ರಾಣೀದು."

ಹೀಗೆ ಶುರುವಾಯಿತು. ಬಾಗಿಲಲ್ಲಿ ನಿಂತಿದ್ದ ಅಮ್ಮ ಮೋಡಾ ಎನ್ನುವ ಬೆತ್ತದ ಪೀಠದ ಮೇಲೆ ಕೂತಳು, ಮೋಡಾ ದಿನದಿನಕ್ಕೆ ಸೋಫಾದ ಹತ್ತಿರಕ್ಕೆ ಸರಿಯಿತು. ಸಂಜೆ ಟಿವಿ ಆರಿದೊಡನೆ ಇಬ್ಬರೂ ಮತ್ತೆ ಮೂಕರು. ಆದರೆ ಆ ಒಂದು ಗಂಟೆ ನಮ್ಮ ಮನೆಯಲ್ಲಿ ಮಾತಿರುತ್ತಿತ್ತು.

ಧಾರಾವಾಹಿ ಕೊನೆಗೆ ಬಂದಾಗ ನನಗೆ ದಿಗಿಲಾಯಿತು. ಇದು ಮುಗಿದರೆ ಅತ್ತೆ ಮಹಡಿ ಹತ್ತುತ್ತಾರೆ, ಅಮ್ಮ ಅಡುಗೆಮನೆ ಸೇರುತ್ತಾಳೆ. "ಇದೇ ತರದ್ದು ಇನ್ನೊಂದು ಹೇಳಿ" ಎಂದು ಅಂತರ್ಜಾಲದಲ್ಲಿ ಗೋಗರೆಯುವವರನ್ನು ನಾನು ಅಲ್ಲಿಯ ತನಕ ಗೇಲಿ ಮಾಡುತ್ತಿದ್ದೆ. ಈಗ ಅವರ ಸಾಲಿನಲ್ಲಿ ನಿಂತೆ. ಅಲ್ಲಿಯ ದಾನಿಗಳು ಕರ್ಣನನ್ನೂ ಮೀರಿಸುವವರು. ಅದೇ ಶತಮಾನದ ಕಥೆಯೇ, ಅದೇ ಅಂತಃಪುರದ ಸಂಚೇ, ಅದೇ ನಾಯಕಿಯೇ, ಕೇಳಿದ್ದೆಲ್ಲ ಕೊಡುತ್ತಾರೆ. ಆದರೆ ಅದನ್ನು ನೋಡುವಾಗ ನಿಮ್ಮ ಪಕ್ಕದಲ್ಲಿ ಯಾರು ಕೂತಿದ್ದರು ಎಂದು ಮಾತ್ರ ಒಬ್ಬರೂ ವಿಚಾರಿಸುವುದಿಲ್ಲ. ನಾನೂ ವಿಚಾರಿಸಿಕೊಳ್ಳಲಿಲ್ಲ. ರಾಣಿ, ರಾಜಮಾತೆ, ವಿಷ, ಗಡೀಪಾರು ಎಲ್ಲವೂ ಹೊಂದುವ ಒಂದನ್ನು ಹುಡುಕಿದೆ. ಸಾಲದ್ದಕ್ಕೆ ಅದಕ್ಕೆ ಕನ್ನಡ ಡಬ್ಬಿಂಗೂ ಇತ್ತು. ಗೆದ್ದೆ ಎಂದುಕೊಂಡು ಹಚ್ಚಿದೆ.

ರಾಣಿ ಅಚ್ಚಗನ್ನಡದಲ್ಲಿ ಬಿಕ್ಕಿದಳು. ಅಮ್ಮ ಅಡುಗೆಮನೆಯಿಂದ ಈಚೆ ಬರಲೇ ಇಲ್ಲ. ಅತ್ತೆ ನಾರು ತೆಗೆದ ಹುರುಳಿಕಾಯನ್ನೇ ತಿರುಗಿಸಿ ನೋಡುತ್ತ ಕೂತಿದ್ದು, "ಇದು ಬೇಡ ಕಣೇ," ಎಂದರು. "ಇವ್ರೆಲ್ಲ ಕನ್ನಡ ಮಾತಾಡ್ತಾರೆ."

"ಅದಕ್ಕೇ ತಾನೇ ಅತ್ತೆ ಹಾಕಿದ್ದು?"

"ಕೊರಿಯಾದೋರು ಕೊರಿಯಾದೋರ ಥರ ಮಾತಾಡ್ಲಿ. ಹೇಳೋರು ಹೇಳ್ತಾರೆ ಬುಡು."

ವಾದದಲ್ಲಿ ಸೋಲುವುದು ಗೊತ್ತು. ಸೋತದ್ದಕ್ಕೆ ಅಷ್ಟು ಸಂತೋಷಪಟ್ಟದ್ದು ಅದೇ ಮೊದಲು. ಡಬ್ಬಿಂಗಿನ ಸೋಂಕಿಲ್ಲದ ಇನ್ನೊಂದನ್ನು ಹಾಕಿದೆ, ಕತೆ ಹೇಗಿದೆಯೆಂದು ಕೂಡ ನೋಡದೆ. ಮೋಡಾ ವಾಪಸು ಬಂತು.

ಅದರಲ್ಲೊಂದು ದೃಶ್ಯ. ಕಿರಿಯ ರಾಣಿಯೂ ವಿಧವೆ ರಾಜಮಾತೆಯೂ ಎದುರುಬದುರು ಕೂತಿದ್ದಾರೆ, ನಡುವೆ ಪುಟ್ಟ ಮೇಜು, ಮೇಲೆ ಬಟ್ಟಲು. ಕಿರಿಯವಳು ತಲೆ ತಗ್ಗಿಸಿ ಏನೋ ಹೇಳಿದಳು. ಟೀ ಆರಿಹೋಗಿದೆ, ಬೇರೆ ತರಿಸುತ್ತೇನೆ ಎಂದು ಕೆಳಗೆ ಇಂಗ್ಲಿಷಿನಲ್ಲಿ ಬಂತು. ಅಮ್ಮ ಓದಲಿಲ್ಲ. ಪರದೆಯತ್ತಲೇ ನೋಡುತ್ತ ಹೇಳಿದಳು:

"ಅವತ್ತು ಎಲ್ಲರೆದುರಿಗೆ ನಿಮ್ಮನ್ನ ಒಳಗೆ ಕೂರಿ ಅಂದ್ಬುಟ್ಟೆ, ಅದು ತಪ್ಪಾಯ್ತು ಅಂತಿದಾಳೆ."

ತಪ್ಪು ಅನುವಾದ ಕೇಳಿದರೆ ಕೈ ಎತ್ತುವ ಚಟ ನನ್ನದು. ಕೈ ಮಡಿಲಿಂದ ಏಳಲಿಲ್ಲ.

ಅತ್ತೆ ಕೈಲಿದ್ದ ಹುರುಳಿಕಾಯಿ ಕೆಳಗಿಟ್ಟರು. "ಹಂಗಂದ್ಲಾ?"

"ಹ್ಞೂಂ. ಹೆದರ್ಕೊಂಡು ಅಂದಿದ್ದು ಅಂತ."

"ಇಷ್ಟನ್ನ ಹೇಳಕ್ಕೆ ರಾಣಿಗೆ ಇಷ್ಟು ದಿವಸ ಬೇಕಾಯ್ತಾ, ವನಜಾ?"

ಅಮ್ಮನ ಹೆಸರು ಅತ್ತೆಯ ಬಾಯಲ್ಲಿ ಕೇಳಿ ಎಷ್ಟು ಕಾಲವಾಗಿತ್ತೋ. ಅಮ್ಮ ಒಳಗೆ ಹೋಗಿ ಕಾಫಿ ತಂದಳು, ನನ್ನ ಕೈಗೆ ಕೊಡದೆ ತಾನೇ ಅತ್ತೆಯ ಕೈಗಿತ್ತಳು.

ಅಮ್ಮ ಆಡಿದ್ದು ಸುಳ್ಳೋ ನಿಜವೋ ಎಂದು ಆಮೇಲೆ ನನ್ನೊಳಗೇ ಎರಡು ತಂಡ ಕಟ್ಟಿಕೊಂಡು ವಾದಿಸಿದ್ದೇನೆ. ತೀರ್ಪು ಬರುವ ಮೊದಲೇ ಸಾಕ್ಷ್ಯ ಬದಲಾಯಿತು. ಮೊನ್ನೆ ಭಾನುವಾರ ಅಮ್ಮ ಮಾರ್ಕೆಟ್ಟಿಗೆ ಹೋಗಿದ್ದಳು. ಅತ್ತೆ, ನಾನು ಇಬ್ಬರೇ ಟಿವಿ ಮುಂದೆ. ಮುದಿ ಮಂತ್ರಿಯೊಬ್ಬ ಮುಖದ ಒಂದು ಗೆರೆಯೂ ಅಲುಗದಂತೆ ಏನನ್ನೋ ಗೊಣಗಿದ, ತನ್ನ ಹೆಂಡತಿಗಿಂತ ಶತ್ರುಸೈನ್ಯವೇ ಮೇಲು ಎಂದು ಕೆಳಗೆ ಬಂತು. ನಾನಿನ್ನೂ ಬಾಯಿ ತೆರೆದಿರಲಿಲ್ಲ. ಅತ್ತೆ ನಕ್ಕುಬಿಟ್ಟರು.

ಅವರತ್ತ ತಿರುಗಿದೆ. ಅವರು ತಿರುಗಲಿಲ್ಲ.

"ಅತ್ತೆ," ಎಂದು ಕೇಳಿದೆ, "ಹಾಗಾದ್ರೆ ಅವತ್ತು ಟೀ ಆರೋಗಿದೆ ಅಂತ ಬಂದಿದ್ದನ್ನ ನೀವೂ ಓದಿದ್ರಾ?"