ಹೊಟ್ಟಿನ ಕಿಚ್ಚು

ಕಂಪಲಾಪುರದ ಕಂಠಪ್ಪ ಡಿಗ್ರಿ ಪಡೆದವನಲ್ಲ, ಡಿಗ್ರಿ ಹೇಳುವವನು. ಹೊಗೆಸೊಪ್ಪು ಬೇಯಿಸುವ ಬ್ಯಾರನ್ನಿನ ಗೋಡೆಗೆ ಅಂಗೈ ಇಟ್ಟು, ಕಣ್ಣು ಮುಚ್ಚಿ, "ನೂರಾ ಹದಿನೆಂಟು. ಇನ್ನೆರಡು ಕೊರಡು ಆಕ್ಲಾ" ಅಂದರೆ ಒಳಗಿನ ಥರ್ಮಾಮೀಟರು ಒಪ್ಪಿಕೊಳ್ಳಲೇಬೇಕು. ಮೂವತ್ತು ವರ್ಷದಿಂದ ಊರಿನ ಬ್ಯಾರನ್ನುಗಳಿಗೆ ಬೆಂಕಿ ಹಾಕುವವನು ಅವನೇ. ಜುಲೈ ಬಂತೆಂದರೆ ಅವನ ಮನೆ ಮುಂದೆ ಕರೆಯಲು ಬಂದ ಬೆಳೆಗಾರರ ಬೈಕುಗಳು ನಿಲ್ಲುತ್ತವೆ. ಆ ಬೈಕುಗಳೇ ಅವನ ಮರ್ಯಾದೆ.

ಈ ಸಲ ಬೈಕುಗಳು ಒಂದು ಮನೆ ಮುಂದಕ್ಕೆ ಹೋಗಿ ನಿಂತವು. ಪಕ್ಕದ ಪದ್ಮಶ್ರೀ ತನ್ನ ಬ್ಯಾರನ್ನಿಗೆ ಹೊಸ ಒಲೆ ಹಾಕಿಸಿದ್ದಳು. ಅದಕ್ಕೆ ಸೌದೆ ಬೇಡ. ಕಾಫಿ ಹೊಟ್ಟು, ಜೋಳದ ದಿಂಡು ಪುಡಿಮಾಡಿ ಒತ್ತಿದ ಇಟ್ಟಿಗೆಯಂಥ ತುಂಡು ಸಾಕು. ಗಾಳಿ ಊದಲು ಫ್ಯಾನು, ಫ್ಯಾನಿಗೆ ಚಾವಣಿ ಮೇಲೆ ಸೋಲಾರು, ಶಾಖ ತೋರಿಸಲು ಕೆಂಪು ಅಂಕಿಯ ಪೆಟ್ಟಿಗೆ. ಮರ ಉಳಿಯಿತು ಅಂತ ಎಲ್ಲರಿಗೂ ಖುಷಿ. ಅವಳದ್ದು ಹೊಟ್ಟಿನ ಕಿಚ್ಚು, ಇವನದ್ದು ಹೊಟ್ಟೆಕಿಚ್ಚು. ನಡುವೆ ಒಂದು ಬೇಲಿ, ಒಂದು ಎತ್ವ, ಅಷ್ಟೇ.

ಕಂಠಪ್ಪ ದಿನಕ್ಕೆ ಆರು ಸಲ ಬೇಲಿಯ ಹತ್ತಿರ ಬರುತ್ತಿದ್ದ.

"ಒಗೇನೇ ಬತ್ತಿಲ್ಲ ಕಣಮ್ಮಿ. ಒಲೆ ಆರೋಗದೆ, ನೋಡು."

"ಒಗೆ ಬರಬಾರ್ದು ಕಣಣ್ಣ. ಅದ್ಕೇ ತಂದಿರೋದು."

"ಒಗೆ ಇಲ್ದೆ ಅದೆಂಥಾ ಒಗೆಸೊಪ್ಪು, ಬುಡು."

ಅವನ ನಿಜವಾದ ಭಯ ಯತೀಶ. ಯತೀಶನ ಮೂರು ಬ್ಯಾರನ್ನುಗಳೇ ಕಂಠಪ್ಪನ ದೊಡ್ಡ ಕೆಲಸ. ಆ ಯತೀಶನೂ ಬಂದು ಅಂಕಿ ಪೆಟ್ಟಿಗೆಯ ಫೋಟೊ ಹೊಡೆದುಕೊಂಡು, "ಇವಳ ಸೊಪ್ಪು ಚೆಂದಾಗಿ ಬಂದ್ರೆ ಮುಂದಿನ ವರ್ಸ ನಂಗೂ ಇದೇಯ" ಅಂದು ಹೋಗಿದ್ದ.

ಬೆಂಕಿ ಹಾಕಿದ ನಾಲ್ಕನೇ ದಿನ ಮಧ್ಯಾಹ್ನ ಗಾಳಿ ಎದ್ದು, ಹೊಟ್ಟಿನ ತುಂಡುಗಳ ರಾಶಿಯ ಮೇಲಿದ್ದ ಟಾರ್ಪಾಲು ಜಾರಿತು. ಕಂಠಪ್ಪ ನೋಡಿದ. ಪದ್ಮಶ್ರೀ ಹೊಲದಲ್ಲಿದ್ದಳು, ಕೂಗಿದರೆ ಕೇಳಿಸುವಷ್ಟೇ ದೂರ. ಹೆಸರಿಗೆ ಕಂಠಪ್ಪ, ಕಂಠ ಮಾತ್ರ ಏಳಲಿಲ್ಲ. ಒಳಗೆ ಹೋಗಿ ಕಾಫಿ ಕುಡಿದ. ಮಳೆ ಬಂತು.

ತುಂಡುಗಳು ನೆನೆದು ಊದಿಕೊಂಡು ಹಿಟ್ಟಾದವು. ಒಲೆಗೆ ಹಾಕಿದರೆ ಹತ್ತಲೊಲ್ಲವು. ಕೆಂಪು ಅಂಕಿ ಇಳಿಯತೊಡಗಿತು. ಆ ಹಂತದಲ್ಲಿ ಶಾಖ ಇಳಿದರೆ ಎಲೆ ಕಪ್ಪಾಗಿಬಿಡುತ್ತದೆ. ಪದ್ಮಶ್ರೀ ನೆನೆದುಕೊಂಡೇ ಬೇಲಿಗೆ ಬಂದಳು.

"ಕಂಠಣ್ಣ, ಈ ಪೆಟ್ಟಿಗೆ ನಂಬರ್ ತೋರಿಸ್ತದೆ, ಏನ್ ಮಾಡ್ಬೇಕು ಅಂತ ಏಳಕಿಲ್ಲ. ಬಾರಣ್ಣ."

ಇಷ್ಟು ದಿನ ಇದೇ ಮಾತಿಗೆ ಕಾದವನು ಅವನು. ಕಿವಿಗೆ ಬಿದ್ದಾಗ ಮಾತ್ರ ಕುಡಿದ ಕಾಫಿ ಕಹಿಯಾಯಿತು. ತನ್ನ ಮನೆಯ ಒಣ ಸೌದೆ ತಬ್ಬಿ ತಂದು ಒಲೆಗೆ ತುಂಬಿದ, ಗೋಡೆ ಮುಟ್ಟಿ ಮುಟ್ಟಿ ಶಾಖ ಮೇಲೆತ್ತಿದ.

"ಟಾರ್ಪಾಲು ಯಾವಾಗ ಜಾರ್ತೋ" ಅಂದಳು ಪದ್ಮಶ್ರೀ.

"ಗಾಳಿ ಕಣಮ್ಮಿ" ಅಂದ, ಒಲೆಯಿಂದ ಕಣ್ಣೆತ್ತದೆ. ಗಾಳಿಯ ಮೇಲೆ ಹಾಕಿದ ಮಾತು, ಗಾಳಿಮಾತೇನಲ್ಲ, ಅರ್ಧ ಮಾತು.

ಸೊಪ್ಪು ನಿಂಬೆಹಣ್ಣಿನ ಬಣ್ಣಕ್ಕೆ ಬಂತು. ಯತೀಶ ಬಂದು ಎಲೆ ತಿಕ್ಕಿ ನೋಡಿ, ಇದು ಯಾರ ಕೈಗುಣ ಅಂತ ಕೇಳಿದ.

"ಮೊದಲ ನಾಲ್ಕು ದಿನ ಒಲೇದು, ಆಮೇಲೆ ಕಂಠಣ್ಣಂದು" ಅಂದಳು ಪದ್ಮಶ್ರೀ. ನಾಲ್ಕು ದಿನದ ಹೆಸರು ಒಲೆಗೆ ಹೋದದ್ದು ಕಂಠಪ್ಪನಿಗೆ ಮುಳ್ಳು ಚುಚ್ಚಿದಂತಾಯಿತು.

"ಅಂಗಾದ್ರೆ ನಾನೂ ಒಲೆ ಆಕಿಸ್ತೀನಿ. ನಡೆಸೋಕೆ ನೀನಿರ್ತೀಯಾ ಕಂಠಣ್ಣ?" ಅಂದ ಯತೀಶ.

ಕಂಠಪ್ಪ ಪದ್ಮಶ್ರೀಯ ಅಂಕಿ ಪೆಟ್ಟಿಗೆಯನ್ನು ಗೇಣು ಹಾಕಿ ಅಳೆದ.

"ಇರ್ತೀನಿ ಕಣಪ್ಪ. ಆದ್ರೆ ಆ ಪೆಟ್ಟಿಗೆ ಇವಳದ್ದಕ್ಕಿಂತ ಒಂದು ಸೈಜ್ ದೊಡ್ಡದಿರ್ಲಿ."