ಒಂದೇ ಮೈಯ ಹನ್ನೆರಡು ಗಿಡ

ಎಚ್ಚರವಾದೊಡನೆ ಲಾಯ್‌ಗೆ ಮೊದಲು ಬರುತ್ತಿದ್ದುದು ಭಯ. ಮುಖ ತೊಳೆಯುವ ಮೊದಲೇ ದೋಣಿಗಿಳಿದು, ನೀರಿನ ಮೇಲೆ ಬಿದಿರಿನ ಅಟ್ಟಣೆಗಳಲ್ಲಿ ಸಾಲಾಗಿ ಕೂತ ಗುಲಾಬಿ ಕುಂಡಗಳ ನಡುವೆ ಸಾಗುತ್ತ, ಎಲೆಗಳನ್ನು ಒಂದೊಂದಾಗಿ ತಿರುವಿ ನೋಡುತ್ತಿದ್ದಳು. ಮಳೆ ನಿಂತು ಎರಡು ತಿಂಗಳಾಗಿತ್ತು. ಆದರೂ ನಿನ್ನೆ ಇಲ್ಲದ ಕರಿಚುಕ್ಕೆ ಇವತ್ತು ಇರುತ್ತಿತ್ತು. ಚುಕ್ಕೆಯ ಸುತ್ತ ಹಳದಿ. ಆಮೇಲೆ ಮುಟ್ಟಿದರೆ ಸಾಕು, ಎಲೆ ಉದುರುತ್ತಿತ್ತು.

ಅತ್ತೆ ಬಿಟ್ಟುಹೋದ ಹಳೇ ತಳಿ ಅದು. ಹೂವಿನೂರು ಸಾಡೆಕ್‌ನಲ್ಲಿ ಇನ್ನಾರ ಬಳಿಯೂ ಇರಲಿಲ್ಲ. ಅಂಗಳದ ತಾಯಿಗಿಡ ಹೋದ ವರ್ಷ ಸತ್ತಿತ್ತು. ಅದು ಸಾಯುವ ಮೊದಲೇ ಕೊಂಬೆಗಳಿಗೆ ಮಣ್ಣಿನ ಗೂಟಿ ಕಟ್ಟಿ, ಬೇರೊಡೆದ ಮೇಲೆ ಕತ್ತರಿಸಿ ಲಾಯ್ ಕುಂಡಕ್ಕೆ ಇಳಿಸಿಕೊಂಡ ಹನ್ನೆರಡೇ ಉಳಿದಿದ್ದವು. ಹನ್ನೊಂದಕ್ಕೆ ರೋಗ. ಸಾಲಿನ ಕೊನೆಯದೊಂದು ಮಾತ್ರ ಹಸಿರಾಗಿತ್ತು.

ಜನರನ್ನು ಹೆಸರಿನ ಬದಲು ಹುಟ್ಟಿದ ಸರದಿಯಲ್ಲೇ ಕರೆಯುವ ಊರು ಅದು. ಪಕ್ಕದ ತೋಟದ ಏಳನೇ ಮಾವ ನೋಡಿ ತಲೆಯಾಡಿಸಿದರು.

"ಇವುಗಳ ರಕ್ತ ಕೆಟ್ಟಿದೆ, ಐದನೆಯವಳೇ. ಗಟ್ಟಿ ಇರೋದೊಂದನ್ನ ಇಟ್ಕೊ. ಹುಣ್ಣಿಮೆ ಕಳೆದ ಮಾರನೇ ದಿನ ಮಿಕ್ಕಿದ್ದನ್ನ ಸುಟ್ಬಿಡೋಣ."

"ಎಲ್ಲಾ ಒಂದೇ ಗಿಡದ ಕೊಂಬೆ ಅಲ್ವಾ ಮಾವ?"

"ನಿನ್ನ ಗಂಡ, ಅವನ ತಮ್ಮ ಒಂದೇ ಹೊಟ್ಟೇಲಿ ಹುಟ್ಟಿದವರು. ಒಬ್ಬ ಹೆಂಡ ಮೂಸಿದ್ರೇ ಬೀಳ್ತಾನೆ, ಇನ್ನೊಬ್ಬ ಮಡಕೆ ಖಾಲಿ ಮಾಡಿ ದೋಣಿ ನಡೆಸ್ತಾನೆ."

ಲಾಯ್‌ಗೆ ನಗು ಬರಲಿಲ್ಲ. ಅವರು ಅಣ್ಣತಮ್ಮಂದಿರು, ಇವು ಒಂದೇ ಮೈಯ ತುಂಡುಗಳು. ಆದರೆ ಹೆದರಿದ ಮನಸ್ಸು ವಾದ ಮಾಡೀತೇ? ಒಪ್ಪಿಕೊಂಡಳು.

ಹಸಿರಾಗಿ ಉಳಿದದ್ದೊಂದು ಕಣ್ಣೆದುರಿಗೇ ಇರಲೆಂದು ಅದನ್ನು ಮನೆಯ ಮುಂದಿನ ಸಾಲಿಗೆ ತಂದಳು. ಊರವರೆಲ್ಲ ಮಾಡುವಂತೆ, ಮಿಕ್ಕ ಹನ್ನೊಂದಕ್ಕೂ ತಾನು ಮಾಡುತ್ತಿದ್ದಂತೆ, ದಿನಾ ಸಂಜೆ ದೋಣಿಯಲ್ಲಿ ನಿಂತು, ಉದ್ದ ಕೋಲಿಗೆ ಕಟ್ಟಿದ ಡಬ್ಬಿಯಲ್ಲಿ ಕಾಲುವೆಯ ನೀರು ಮೊಗೆದು ಗಿಡದ ಮೈತುಂಬ ಎರಚತೊಡಗಿದಳು. ಅದಕ್ಕೆ ಪ್ರೀತಿಯಿಂದ ಎರಡು ಡಬ್ಬಿ ಹೆಚ್ಚು.

ಒಂಬತ್ತನೆಯ ದಿನ, ಹುಣ್ಣಿಮೆಯ ಬೆಳಿಗ್ಗೆ, ಅದರ ಕೆಳಗಿನ ಎಲೆಯ ಮೇಲೆ ಸಾಸಿವೆಯಷ್ಟು ಕಪ್ಪು.

ಲಾಯ್ ಆ ಎಲೆಯನ್ನು ಚಿವುಟಿ ತೆಗೆದಳು. ಕಣ್ಣು ಆ ಗಿಡದ ಹಳೇ ಜಾಗಕ್ಕೆ ಹೋಯಿತು. ಅಲ್ಲಿ ಹೂಳು ತುಂಬಿ ದೋಣಿ ಹೋಗುತ್ತಿರಲಿಲ್ಲ. ಹಲಗೆಯ ಮೇಲೆ ನಡೆದು, ಬೆಳಿಗ್ಗೆ ಕೆಟಲ್‌ನಿಂದ ಬುಡಕ್ಕಷ್ಟೇ ನೀರು ಬಿಡುತ್ತಿದ್ದಳು. ಮಳೆ ನಿಂತ ಮೇಲೆ, ಅಲ್ಲಿದ್ದಷ್ಟು ದಿನ, ಅದರ ಎಲೆ ಒಂದು ರಾತ್ರಿಯೂ ಒದ್ದೆಯಾಗಿ ಕಳೆದಿರಲಿಲ್ಲ. ತೋಟದ ಬೇರೆ ತಳಿಗಳು ಸಂಜೆಯ ನೀರನ್ನು ತಾಳಿಕೊಂಡಿದ್ದವು, ಇದಕ್ಕೆ ಆಗಲಿಲ್ಲ. ಹನ್ನೆರಡಕ್ಕೂ ರೋಗ ಹಚ್ಚಿದ್ದು ಅವಳದೇ ಕೈ.

ಮರುದಿನ ಮಾವ ಸೀಮೆಎಣ್ಣೆ ಹಿಡಿದು ಬಂದಾಗ, ಅವಳು ಚುಕ್ಕೆ ಬಿದ್ದ ಎಲೆಗಳನ್ನೆಲ್ಲ ಕಿತ್ತು ಚೀಲಕ್ಕೆ ತುಂಬಿ ಬೋಳು ಗಿಡಗಳ ಬುಡಕ್ಕೆ ನೀರು ಬಿಡುತ್ತಿದ್ದಳು.

"ಎಲೆ ಮಾತ್ರ ಸುಡಿ ಮಾವ. ಗಿಡ ಕೊಡಲ್ಲ."

ಚಿಗುರದಿದ್ದರೇನು ಮಾಡುತ್ತೀಯೆಂದು ಅವರು ಕೇಳಿದರು. ಅವಳು ಮುಂದಿನ ಕುಂಡಕ್ಕೆ ಸರಿದಳು. ನೀರು ಎಲ್ಲಿ ಕಾಂಡಕ್ಕೆ ಸಿಡಿದೀತೋ ಎಂದು ಕೆಟಲ್‌ನ ಮೂತಿಯನ್ನು ಮಣ್ಣಿಗೆ ತಾಗುವಷ್ಟು ತಗ್ಗಿಸಿದಳು.