ಜಿಂಕೆಯಿಲ್ಲದ ಕಾಡು

ಶಿಕಾರಿಪುರದ ಅಕ್ಕಿ ಗಿರಣಿಯ ಹಿಂದಿನ ಗೋದಾಮಿನಲ್ಲಿ, ಬಾಗಿಲಿಗೆ ಬೆನ್ನು ಮಾಡಿ, ಅಕ್ಕನ ಹಳೆಯ ಸೀರೆ ಉಟ್ಟುಕೊಂಡು ನಾನು ನಿಂತಿದ್ದೆ. ಐವತ್ತೆಂಟನೇ ಇಸವಿಯ ಬೇಸಿಗೆ, ಮಧ್ಯಾಹ್ನದ ಊಟ ಆದಮೇಲೆ. ಸೀರೆ ಯಾಕೆಂದು ನಗಬೇಡಿ. ಸೊರಬದ ನಮ್ಮ ನಾಟಕದ ತಂಡದಲ್ಲಿ ಮೀಸೆ ಸರಿಯಾಗಿ ಮೂಡದವನು ನಾನೊಬ್ಬನೇ. ಹಾಗಾಗಿ ರಾಣಿಯ ಪಾತ್ರ ನನ್ನದು. ಹೊಸ ಪರದೆ ತರಲು ಹೋದ ನಾವು ಅಲ್ಲೇ ಒಂದು ತಾಲೀಮೂ ಆಗಲಿ ಎಂದುಕೊಂಡಿದ್ದೆವು.

ಇದು ನೆನಪಾದದ್ದು ಮೊನ್ನೆ, ಪಕ್ಕದ ಮನೆಯಲ್ಲಿ ಬಡಗಿ ಸರೇಸು ಕಾಯಿಸುವಾಗ. ಆ ಅಂಟಿನ ನಾತಕ್ಕೆ ಎಲ್ಲರೂ ಮೂಗು ಮುಚ್ಚಿಕೊಳ್ಳುತ್ತಾರೆ. ನನಗೆ ಚಳಿ ಹತ್ತುತ್ತದೆ. ಪರದೆಯ ಬಣ್ಣಕ್ಕೂ ಅದನ್ನೇ ಬೆರೆಸುತ್ತಿದ್ದರು.

ಆಗೆಲ್ಲ ಕಾಡಿನ ಪರದೆಗೆ ಒಂದು ಕಟ್ಟಳೆಯಿತ್ತು. ಎಡಕ್ಕೆ ಜೋಡಿ ಜಿಂಕೆ, ಬಲಕ್ಕೆ ಹುಲಿ, ನಡುವೆ ತಾವರೆ ಕೊಳ. ಜಿಂಕೆ ಇದ್ದದ್ದು ಅಲಂಕಾರಕ್ಕಲ್ಲ, ಕೆಲಸಕ್ಕೆ. ಗಂಡ ಕಾಡಿನಲ್ಲಿ ಬಿಟ್ಟುಹೋದ ರಾಣಿ ಅದರತ್ತ ಕೈ ಚಾಚಿ, “ಎಲೈ ಜಿಂಕೆಯೇ, ನನ್ನ ಪತಿಯನ್ನು ಕಂಡೆಯಾ?” ಎಂದು ಕೇಳಬೇಕು. ಆಮೇಲೆ ಹಾಡು.

ಆ ಗೋದಾಮಿನಲ್ಲೇ ಪರದೆ ಬರೆದವರು ದಸ್ತಗೀರ್ ಸಾಬ್ರು, ಅಂಗಡಿ ಬೋರ್ಡು ಬರೆಯುತ್ತಿದ್ದವರು. ಅವರ ತಂಗಿ ಜೈಬುನ್ನೀಸಾ ಹಗ್ಗ ಸಡಿಲಿಸಿದರು. ಪರದೆ ಇಳಿಯಿತು.

ಕೊಳ ಇಲ್ಲ. ಹುಲಿ ಇಲ್ಲ. ಜಿಂಕೆಯೂ ಇಲ್ಲ. ಮುಚ್ಚಿದ ಕೊಡೆಗಳಂಥ ಕಪ್ಪು ಮರಗಳು, ಎಲ್ಲವೂ ಗಾಳಿಗೆ ಒಂದೇ ಕಡೆ ಬಾಗಿದ್ದವು. ನೆಲವೆಲ್ಲ ಬಿಳಿ. ಆಕಾಶವನ್ನು ಪೊರಕೆಯಲ್ಲಿ ಗುಡಿಸಿದ ಹಾಗಿತ್ತು.

ರಾಜನ ಪಾತ್ರದ ಚೆನ್ನಬಸಪ್ಪನವರು ನಮ್ಮ ತಂಡದ ಯಜಮಾನರು. ಎಲೆಅಡಿಕೆ ಜಗಿಯುವುದನ್ನೇ ನಿಲ್ಲಿಸಿದರು.

“ಏನ್ರೀ ಸಾಬ್ರೇ ಇದು ಬಿಳೀದು? ಸುಣ್ಣ ಚೆಲ್ಲಿದ್ರಾ?”

“ಹಿಮ ರೀ. ನಮ್ಮ ಜೈಬು ಗಂಡ ಮಿಲಿಟ್ರಿನಾಗೆ ಅದಾನಲ್ಲ, ಕಾಶ್ಮೀರದಾಗೆ. ರಜಕ್ಕೆ ಬಂದಾಗ ಹೇಳಿದ್ದ, ಕಾಡು ಹಿಂಗೈತೆ ಅಂತ. ಇವಳು ದಿನಾ ಕೇಳ್ತಾಳೆ, ಅವ್ರಿರೋ ಜಾಗ ಹೆಂಗೈತಣ್ಣ ಅಂತ. ಬರೆದೆ.”

“ತಂಗಿಗೆ ಬೇಕಾದ್ರೆ ಮನೆ ಗೋಡೆ ಮೇಲೆ ಬರೀರಿ. ನಮ್ ರಾಣಿ ಯಾರನ್ನ ಕೇಳ್ಬೇಕು, ಸುಣ್ಣಾನ? ನಾಳೆ ಇದ್ರ ಮೇಲೇ ಬಣ್ಣ ಬಳಿದು ಜಿಂಕೆ ಬರೀರಿ.”

ಜೈಬುನ್ನೀಸಾ ಹಗ್ಗ ಬಿಡಲಿಲ್ಲ. ಪರದೆಯನ್ನೇ ನೋಡುತ್ತಿದ್ದರು, ಬಸ್ಸು ಹೊರಡುವಾಗ ಕಿಟಕಿಯಲ್ಲಿರುವವರ ಮುಖ ನೋಡುತ್ತಾರಲ್ಲ, ಹಾಗೆ.

“ಇವತ್ತು ಹಿಂಗೇ ಇರ್ಲಿ,” ಅಂದರು ಯಜಮಾನರು. “ಏಯ್ ರಾಣಿ, ಶುರು ಮಾಡು.”

ಎಡಕ್ಕೆ ಕೈ ಚಾಚಿದೆ. ಅಲ್ಲಿ ಗಾಳಿ ಮಾತ್ರ ಇತ್ತು. ಬಲಕ್ಕೆ ತಿರುಗಿದೆ, ಅಲ್ಲೂ ಮರ. ಗೋದಾಮಿನ ಆ ಧಗೆಯಲ್ಲಿ ಕೈಮೇಲಿನ ಕೂದಲು ನಿಮಿರಿ ನಿಂತವು. ಅದು ನಟನೆ ಎಂದು ಹೇಳಿಕೊಳ್ಳುವ ಆಸೆ ನನಗಿದೆ. ಆದರೆ ನಿಜಕ್ಕೂ ಹೆದರಿದ್ದೆ.

“ಮಾತಾಡೋ ಮಾರಾಯ!”

“ಯಾರನ್ನ ಕೇಳ್ಲಿ?” ಎಂದೆ. ದನಿ ಒಡೆಯಿತು. “ಇಲ್ಲಿ ಯಾರೂ ಇಲ್ಲ.”

ಯಾರೂ ನಗಲಿಲ್ಲ. ಚೆನ್ನಬಸಪ್ಪನವರು ಹಾರ್ಮೋನಿಯಂ ಪೆಟ್ಟಿಗೆಯ ಮೇಲೆ ಕೂತರು. “ಥೂ, ನಿನ್ನ ಇಲ್ಲಿ ಬಿಟ್ಟುಹೋಗಿದ್ದು ತಪ್ಪಾಯ್ತು ಕಣೇ,” ಅಂದರು. ಆಗ ಗೋದಾಮೇ ನಕ್ಕಿತು. “ಸಾಬ್ರೇ, ಜಿಂಕೆ ಬೇಡ. ರಾಣಿಗೆ ಈ ಮಾತೇ ಇರ್ಲಿ.”

ಕುಪ್ಪಗಡ್ಡೆಯಲ್ಲಿ ಆಡಿದಾಗ, ಪರದೆ ಇಳಿಯುತ್ತಲೇ ಮುಂದಿನ ಸಾಲಿನ ಅಜ್ಜಿಯೊಬ್ಬರು ಸೆರಗು ಹೊದ್ದುಕೊಂಡದ್ದನ್ನು ಕಣ್ಣಾರೆ ಕಂಡೆ. ಆಮೇಲೆ ರಜಕ್ಕೆ ಬಂದ ಜೈಬುನ್ನೀಸಾರ ಗಂಡ ಪರದೆ ನೋಡಿ, “ಮರ ಸರಿ ಐತೆ, ಚಳಿ ಸಾಲ್ದು,” ಎಂದರಂತೆ.

ಬರೀ ನೆನಪು ನಂಬಿ ಬರೆಯಬಾರದೆಂದು ನಿನ್ನೆ ಶಿಕಾರಿಪುರದ ಬಸ್ಸು ಹತ್ತಿದೆ. “ಬರ್ರೀ ರಾಣಿಯವರೇ,” ಎಂದರು ಜೈಬುನ್ನೀಸಾ. ನಾನು ಹೇಳಿದ್ದಕ್ಕೆಲ್ಲ ತಲೆಯಾಡಿಸಿದರು, ಒಂದನ್ನು ಬಿಟ್ಟು.

“ಮರ ಕರೀದಲ್ರೀ, ನೀಲಿ. ಬಣ್ಣ ಅರೆದೋಳು ನಾನು. ನೀವು ಹೆದರ್ಕೊಂಡು ನೋಡಿದ್ರಿ, ಅದಕ್ಕೆ ಕರೀದು ಕಂಡೈತೆ.”

ಆ ಮಧ್ಯಾಹ್ನ ಗೋದಾಮಿನಲ್ಲಿದ್ದವರಲ್ಲಿ ನನ್ನನ್ನು ಬಿಟ್ಟರೆ ಈಗ ಇರುವವರು ಜೈಬುನ್ನೀಸಾ ಒಬ್ಬರೇ. ಹಾಗಾಗಿ ಮೇಲೆ ಕಪ್ಪು ಎಂದು ಬರೆದಿರುವಲ್ಲಿ ನೀವು ನೀಲಿ ಎಂದೇ ಓದಿಕೊಳ್ಳಿ.